ಕಬ್ಬಿನ ದರಕ್ಕಿಂತ ಸಕ್ಕರೆಯಿಂದ ಬರೋದು ಕಡಿಮೆ, ಆದರೂ ಕಾರ್ಖಾನೆ ಯಾಕೆ ನಿಲ್ಲಲ್ಲ?

ಬಿಕಾಂ_ಮೊದಲವರ್ಷ:
ಅಸೈನ್‌ಮೆಂಟಿಗೆ ಸಕ್ಕರೆ ಕಾರ್ಖಾನೆ ಆರಿಸಿದ್ದೀನಿ. 2025-26ರ ಹಂಗಾಮಿಗೆ 10.25% ಇಳುವರಿಯ ಕಬ್ಬಿಗೆ ಎಫ್‌ಆರ್‌ಪಿ (ಕಾರ್ಖಾನೆ ರೈತರಿಗೆ ಕೊಡಲೇಬೇಕು ಅಂತ ಕೇಂದ್ರ ಕಟ್ಟಿದ ಕನಿಷ್ಠ ದರ) ಟನ್ನಿಗೆ 3550 ರೂ. ಆ ಟನ್ನಿಂದ ಬರೋದು 102.5 ಕೆಜಿ ಸಕ್ಕರೆ. ಕನಿಷ್ಠ ಮಾರಾಟ ಬೆಲೆ ಕೆಜಿಗೆ 31 ಅಂದ್ರೆ 3177.50 ಆಯ್ತು. ಕಬ್ಬಿನ ದುಡ್ಡೇ ಹುಟ್ಟಲಿಲ್ಲ! ಮೇಲೆ ಕಟಾವು-ಸಾಗಣೆ 850, ಚೀಲ, ಕೂಲಿ ಬೇರೆ. ಬದಲಾಗುವ ವೆಚ್ಚವೂ ಹುಟ್ಟದಿದ್ದರೆ ಬಾಗಿಲು ಹಾಕಬೇಕು ಅಂತಾರಲ್ಲ, ನಾನೆಲ್ಲಿ ತಪ್ಪಿದೆ?

ತಕ್ಕಡಿ:
ಎರಡು ಕಡೆ ತಪ್ಪಿದ್ದೀರಿ. 31 ಅನ್ನೋದು 2019ರ ಫೆಬ್ರವರಿಯಲ್ಲಿ ಕಟ್ಟಿದ ತಳ, ಮಾರುವ ದರ ಅಲ್ಲ. ಮಾರುಕಟ್ಟೆ 38 ಇದ್ದಾಗ ಆ ತಳಕ್ಕೆ ಕೆಲಸವೇ ಇಲ್ಲ. ದರ ಅದಕ್ಕಿಂತ ಕೆಳಗೆ ಜಾರೋ ಹೊತ್ತಿಗೆ ಮಾತ್ರ ಅದು ಅಡ್ಡ ಬರುತ್ತೆ. ಇನ್ನೊಂದು, ಎಫ್‌ಆರ್‌ಪಿ ಕಾರ್ಖಾನೆ ಗೇಟಿನ ದರ. ಕಟಾವು-ಸಾಗಣೆ ಅದರೊಳಗೇ ಇದೆ, ರೈತರ ಬಿಲ್ಲಲ್ಲಿ ಮುರಿದುಕೊಳ್ತಾರೆ. 850 ಮುರಿದರೆ ಖಾತೆಗೆ ಬೀಳೋದು 2700. ನೀವು ಅದನ್ನ ಎರಡು ಸಲ ಎಣಿಸಿದ್ದೀರಿ.

ಲೆಡ್ಜರ್_ಮಾವ:
ಉಪ ಉತ್ಪನ್ನ ಮರೆತಿರಿ. ಟನ್ ಕಬ್ಬಿಗೆ ಹೆಚ್ಚುಕಮ್ಮಿ 280-300 ಕೆಜಿ ಬಗ್ಯಾಸ್ (ರಸ ತೆಗೆದ ಸಿಪ್ಪೆ), 45 ಕೆಜಿ ಕಾಕಂಬಿ ಸಿಗುತ್ತೆ. ಒಂದು ಬಾಯ್ಲರಿಗೆ, ವಿದ್ಯುತ್ತಿಗೆ, ಇನ್ನೊಂದು ಡಿಸ್ಟಿಲರಿಗೆ. ಲೆಕ್ಕ ಹೀಗೆ ಹಾಕಿ (ಕೆಜಿಗೆ 38, ಕೆಳಗಿನ 400, 350 ಇವೆಲ್ಲ ಊಹೆಯ ಅಂಕಿಗಳೇ): ಸಕ್ಕರೆ 3895, ಉಪ ಉತ್ಪನ್ನ 400, ಒಟ್ಟು 4295. ಕಬ್ಬು 3550, ಸುಣ್ಣ-ಗಂಧಕ-ಚೀಲ-ಹಂಗಾಮಿ ಕೂಲಿ 350, ಒಟ್ಟು 3900. ಉಳಿದದ್ದು 395.

ಸಾಲದ ಬಡ್ಡಿ, ಕಾಯಂ ಸಂಬಳ ಸೇರಿ ವರ್ಷದ ಸ್ಥಿರ ವೆಚ್ಚ 48 ಕೋಟಿ ಅನ್ನಿ. ದಿನಕ್ಕೆ 5000 ಟನ್ನಿನಂತೆ 160 ದಿನ ನುರಿಸಿದರೆ 8 ಲಕ್ಷ ಟನ್, ಟನ್ನಿಗೆ 600 ಬೀಳುತ್ತೆ. ನಡೆಸಿದರೆ 205 ನಷ್ಟ, ಬಾಗಿಲು ಹಾಕಿದರೆ ಪೂರಾ 600 ಮೈಮೇಲೆ. ಅದಕ್ಕೇ ನಡೆಸ್ತಾರೆ. ಕಬ್ಬು ಸಿಗದೆ 100 ದಿನಕ್ಕೇ ನಿಂತರೆ ಅದೇ 48 ಕೋಟಿ 5 ಲಕ್ಷ ಟನ್ನಿಗೆ ಹಂಚಿ 960 ಆಗುತ್ತೆ. ಕಬ್ಬಿಗಾಗಿ ಕಾರ್ಖಾನೆಗಳು ಕಿತ್ತಾಡೋದು ಇದಕ್ಕೇ.

ಬಿಕಾಂ_ಮೊದಲವರ್ಷ:
ಹಾಗಾದ್ರೆ ಸಕ್ಕರೆ ದರ ನಿಜವಾಗಿ ಬಿದ್ದಾಗ? ಕಬ್ಬಿನ ದರ ಇಳಿಸೋಕೆ ಆಗಲ್ವಲ್ಲ.

ತಕ್ಕಡಿ:
ಲೆಡ್ಜರ್ ಅವರ ಅಂಕಿಗಳಲ್ಲೇ ಸಕ್ಕರೆ 34ಕ್ಕೆ ಇಳಿದರೆ 3485+400=3885, ಅಂದ್ರೆ 3900ಕ್ಕಿಂತ ಕೆಳಗೆ. ಪಾಠದ ಪ್ರಕಾರ ಅಲ್ಲಿಗೆ ನಿಲ್ಲಬೇಕು. ನಿಲ್ಲಲ್ಲ, ಯಾಕಂದ್ರೆ ದರ ಇಳಿಸೋಕಾಗದಿದ್ರೂ ದಿನ ಎಳೀಬಹುದು. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ 15% ಬಡ್ಡಿ. 2700 ರೂಪಾಯಿ ಒಂದು ತಿಂಗಳು ತಡವಾದರೆ ಟನ್ನಿಗೆ ಸುಮಾರು 33 ರೂ. ಆ ಬಡ್ಡಿ ವಸೂಲಾಗದಿದ್ದರೆ ಬಾಕಿ ಅನ್ನೋದು ಕಾರ್ಖಾನೆಗೆ ರೈತರು ಕೊಟ್ಟ ಕೈಗಡ. ನನ್ನ ಕೇಳಿದರೆ ಅಸೈನ್‌ಮೆಂಟಿನ ತಿರುಳೇ ಇದು, ಗ್ರಾಫಿನಲ್ಲಿ ಕಾಣಲ್ಲ ಅಷ್ಟೆ.

ರಸದಬಾನಿ:
ಇಳುವರಿಯನ್ನೂ ಸೇರಿಸಿ. 10.25ರ ಮೇಲೆ ಪ್ರತಿ 0.1ಕ್ಕೆ ಟನ್ನಿಗೆ 34.60 ಹೆಚ್ಚು, ಹಾಗಾಗಿ 11.25ಕ್ಕೆ 3896. 850 ಮುರಿದರೆ 3046. 2025ರ ನವೆಂಬರ್‌ನಲ್ಲಿ ಬೆಳಗಾವಿ ಕಡೆಯ ಹೋರಾಟದ ನಂತರ ರಾಜ್ಯ ಸರ್ಕಾರ ಅದೇ 11.25ಕ್ಕೆ ಕಟಾವು-ಸಾಗಣೆ ಬಿಟ್ಟು 3300 ಅಂತ ಹೇಳಿತು, ಅದರಲ್ಲಿ 50 ಸರ್ಕಾರದ್ದು. ಅಂದ್ರೆ ಕೇಂದ್ರದ ತಳದ ಮೇಲೆ ರಾಜ್ಯದ್ದು ಇನ್ನೊಂದು ತಳ. ಗ್ರಾಫಿನಲ್ಲಿ ಎರಡು ಗೆರೆ ಎಳೀರಿ, ಮತ್ತೆ ಯಾವುದು ಗೇಟಿನ ದರ, ಯಾವುದು ರೈತರ ಕೈಗೆ ಬರೋದು ಅಂತ ಪಕ್ಕದಲ್ಲೇ ಬರೀರಿ. ಎರಡನ್ನೂ ಒಂದೇ ಅಕ್ಷದ ಮೇಲೆ ಹಾಗೇ ಹಾಕಿದರೆ ಮಾರ್ಕ್ಸ್ ಹೋಗುತ್ತೆ.