ಎನ್‌ಸಿಎಎ ಡಿವಿಷನ್ 1 ಟೆನಿಸ್: ಕಾಲೇಜು ಕೊಡುವ ಹಣ ನಮ್ಮ ಮಕ್ಕಳ ಕೈಗೆ ಬರುತ್ತಾ? ಓದಿಗೆ ಎಷ್ಟು ಬೆಲೆ?

ಮಲ್ಲೇಶ್ವರಂ_ಪೋಷಕ

ಮಗಳು ಫಸ್ಟ್ ಪಿಯುಸಿ, ಕಾಮರ್ಸ್, ಎಚ್‌ಇಬಿಎ (ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ). ಸ್ಟೇಟ್ ಸಿಲಬಸ್. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಡಿವಿಷನ್ 1ಕ್ಕೆ (ಮೇಲಿನ ದರ್ಜೆಗೆ) ಸೇರಿದ ಎರಡು ಕಾಲೇಜುಗಳ ಟೆನಿಸ್ ಕೋಚ್‌ಗಳು ಇಮೇಲ್ ಮಾಡಿದ್ದಾರೆ. ಏಜೆಂಟ್ ಒಬ್ಬರು, "ಈಗ ಅಲ್ಲಿ ಆಟಗಾರರಿಗೆ ಸಂಬಳವನ್ನೇ ಕೊಡ್ತಾರೆ, ಅರ್ಧ ಸ್ಕಾಲರ್‌ಶಿಪ್ ಸಿಕ್ಕರೂ ಒಪ್ಕೊಳ್ಳಿ, ಉಳಿದದ್ದು ಅದರಲ್ಲೇ ಸರಿಹೋಗುತ್ತೆ" ಅಂತಾರೆ. ಇದು ನಿಜವೇ? ಎಫ್-1 (ವಿದ್ಯಾರ್ಥಿ) ವೀಸಾದವರಿಗೂ ಆ ಹಣ ಸಿಗುತ್ತದೆಯೇ? ಆಟದ ಜೊತೆ ಓದು ನಿಜವಾಗಿ ನಡೆಯುತ್ತದೆಯೇ, ಅಥವಾ ಹೆಸರಿಗಷ್ಟೇನಾ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಲೆಕ್ಕಪತ್ರ

ಸರ್, ಆ ಲೆಕ್ಕದ ಮೇಲೆ ಅರ್ಧ ಸ್ಕಾಲರ್‌ಶಿಪ್‌ಗೆ ಒಪ್ಪಬೇಡಿ. ಏಜೆಂಟ್ ಹೇಳುತ್ತಿರುವುದು ಹೌಸ್ ಪ್ರಕರಣದ, ಅಂದರೆ ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯ ರಾಜಿಯ ವಿಷಯ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅದಕ್ಕೆ ಒಪ್ಪಿಗೆ ಕೊಟ್ಟರು. ಜುಲೈ 1ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2025-26ಕ್ಕೆ ಒಂದು ಕಾಲೇಜು ಹಂಚಬಹುದಾದದ್ದು ಹೆಚ್ಚೆಂದರೆ ಸುಮಾರು 2.05 ಕೋಟಿ ಡಾಲರ್. ಅಷ್ಟನ್ನೂ ಕೊಡಲೇಬೇಕು ಅಂತೇನಿಲ್ಲ, ಎಲ್ಲ ಆಟಕ್ಕೂ ಕೊಡಬೇಕು ಅಂತಂತೂ ಇಲ್ಲವೇ ಇಲ್ಲ.

ಹಣ ಯಾವ ಕಡೆ ಹರಿಯುತ್ತದೆ ಅನ್ನುವುದಕ್ಕೆ ಅದೇ ರಾಜಿಯಲ್ಲಿ ಹಿಂದಿನ ಆಟಗಾರರಿಗೆ ಕೊಡಬೇಕಾದ ಹಿಂಬಾಕಿ ನೋಡಿ. ಒಟ್ಟು 280 ಕೋಟಿ ಡಾಲರ್, ಹತ್ತು ವರ್ಷಗಳಲ್ಲಿ ಕೊಡುವಂಥದ್ದು. ಹಂಚಿಕೆಯ ಸೂತ್ರದಲ್ಲಿ ನೂರಕ್ಕೆ ಸುಮಾರು 75 (ಅಮೆರಿಕನ್) ಫುಟ್‌ಬಾಲಿಗೆ, 15 ಪುರುಷರ ಬಾಸ್ಕೆಟ್‌ಬಾಲಿಗೆ, 5 ಮಹಿಳೆಯರ ಬಾಸ್ಕೆಟ್‌ಬಾಲಿಗೆ. ಉಳಿದ ಎಲ್ಲ ಆಟಗಳಿಗೂ ಸೇರಿ ಉಳಿಯುವುದು 5. ಇದು ಕಾಲೇಜುಗಳಲ್ಲಿ ಲಿಂಗ ತಾರತಮ್ಯ ತಡೆಯುವ ಟೈಟಲ್ 9 ಕಾನೂನಿನ ಸಮಾನತೆಗೆ ವಿರುದ್ಧ ಅಂತ ಮಹಿಳಾ ಆಟಗಾರ್ತಿಯರು ಮೇಲ್ಮನವಿ ಹಾಕಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಬದಲಾವಣೆ ನಿಮಗೆ ನೇರವಾಗಿ ತಟ್ಟುತ್ತದೆ. ಮೊದಲು ಮಹಿಳೆಯರ ಟೆನಿಸ್ ತಂಡಕ್ಕೆ 8 ಸ್ಕಾಲರ್‌ಶಿಪ್ ಇತ್ತು. ಒಬ್ಬಳಿಗೆ ಕಾಲುಭಾಗ ಕೊಟ್ಟರೂ ಒಂದು ಅಂತಲೇ ಲೆಕ್ಕ, ಹಾಗಾಗಿ ಕೋಚ್‌ಗಳು ಕೊಟ್ಟವರಿಗೆ ಪೂರ್ತಿಯಾಗಿಯೇ ಕೊಡುತ್ತಿದ್ದರು. ರಾಜಿಗೆ ಸೇರಿದ ಕಾಲೇಜಿನಲ್ಲಿ ಈಗ ತಂಡದಲ್ಲಿ 10 ಜನ ಇರಬಹುದು, ಹತ್ತೂ ಜನರಿಗೆ ಹೇಗೆ ಬೇಕಾದರೂ ಒಡೆದು ಹಂಚಬಹುದು. ಅರ್ಧ, ಮುಕ್ಕಾಲು ಅನ್ನುವ ಆಫರ್‌ಗಳು ಬರುತ್ತಿರುವುದು ಇದರಿಂದಲೇ. ಫುಟ್‌ಬಾಲಿಗೆ ಹಣ ಹೊಂದಿಸಲು ಟೆನಿಸ್, ಈಜಿನಂಥ ತಂಡಗಳನ್ನು ಮುಚ್ಚಿದ ಕಾಲೇಜುಗಳೂ ಇವೆ.

ಟೆನಿಸ್ ಹುಡುಗಿಯ ನಿಜವಾದ ಸಂಬಳ ಅಂದರೆ ಫೀಸು, ಪುಸ್ತಕ, ಹಾಸ್ಟೆಲ್, ಊಟ. ಅದು ಆಫರ್ ಪತ್ರದಲ್ಲಿ ಬರೆದಿರಬೇಕು. ಕಾಲೇಜಿಗೆ ಸೇರುತ್ತೇನೆ ಅಂತ ಆಟಗಾರರು ಸಹಿ ಹಾಕುತ್ತಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ 2024ರ ಅಕ್ಟೋಬರ್‌ನಲ್ಲೇ ರದ್ದಾಗಿದೆ, ಈಗ ಆರ್ಥಿಕ ನೆರವಿನ ಒಪ್ಪಂದವೇ ಆಧಾರ. ಕೋಚನ್ನು ಕೇಳಬೇಕಾದದ್ದು: ನೆರವು ಒಂದು ವರ್ಷಕ್ಕೋ ನಾಲ್ಕಕ್ಕೋ, ಬೇಸಿಗೆ ಟರ್ಮಿನ ಫೀಸು ಸೇರಿದೆಯೇ, ಆರೋಗ್ಯ ವಿಮೆ ಯಾರದು. ಆಲ್ಸ್‌ಟನ್ ಹಣದ ಬಗ್ಗೆಯೂ ಕೇಳಿ. 2021ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓದಿನ ಸಾಧನೆಗೆ ವರ್ಷಕ್ಕೆ 5,980 ಡಾಲರ್‌ವರೆಗೆ ಕೊಡಬಹುದು. ಆದರೆ ಕೊಡುವುದು ಬಿಡುವುದು ಆಯಾ ಕಾಲೇಜಿನ ಇಷ್ಟ.

ಐ20_ಫೈಲ್

ವೀಸಾ ವಿಷಯಕ್ಕೆ ಬರುತ್ತೇನೆ. ಎಫ್-1ನಲ್ಲಿ ಟರ್ಮ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಹೊರಗಿನ ದುಡಿಮೆಗೆ ಪ್ರತ್ಯೇಕ ಅನುಮತಿ ಬೇಕು. ಅಮೆರಿಕದ ನೆಲದಲ್ಲಿ ನಿಂತು ಜಾಹೀರಾತಿಗೆ ಫೋಟೋ ತೆಗೆಸಿಕೊಳ್ಳುವುದು, ಹಣ ಪಡೆದು ಮಕ್ಕಳಿಗೆ ಕೋಚಿಂಗ್ ಕೊಡುವುದು, ಸಹಿ ಹಾಕುವ ಕಾರ್ಯಕ್ರಮಕ್ಕೆ ಹೋಗುವುದು, ಎಲ್ಲವೂ ಅನುಮತಿಯಿಲ್ಲದ ಕೆಲಸ ಅನ್ನಿಸಿಕೊಳ್ಳುವ ಅಪಾಯವಿದೆ. ಹಾಗಾದರೆ ಹೋಗುವುದು ವಿದ್ಯಾರ್ಥಿ ಸ್ಥಾನಮಾನವೇ. ಕಾಲೇಜು ನೇರವಾಗಿ ಹಂಚುವ ಹಣ ದುಡಿಮೆಯೋ ಅಲ್ಲವೋ ಅನ್ನುವುದಕ್ಕೆ ವಲಸೆ ಇಲಾಖೆಯಿಂದ ಸ್ಪಷ್ಟ ನಿಯಮ ಬಂದಿಲ್ಲ. ಆ ಕಾರಣಕ್ಕೇ ಎಷ್ಟೋ ಕಾಲೇಜುಗಳು ವಿದೇಶಿ ಮಕ್ಕಳಿಗೆ ಕೊಡಲು ಹಿಂಜರಿಯುತ್ತವೆ.

ರಜೆಗೆ ಬೆಂಗಳೂರಿಗೆ ಬಂದಾಗ ಇಲ್ಲಿನ ಕಂಪನಿಗೆ ಇಲ್ಲೇ ಶೂಟ್ ಮುಗಿಸಿಕೊಡುವುದು ಬೇರೆ ಮಾತು. ಹಾಗೆ ಮಾಡಿದರೂ 600 ಡಾಲರ್ ದಾಟಿದ ಒಪ್ಪಂದವನ್ನು ಆಟಗಾರರ ಜಾಹೀರಾತು ಒಪ್ಪಂದಗಳನ್ನು ಪರಿಶೀಲಿಸುವ ಎನ್‌ಐಎಲ್ ಗೋ ವ್ಯವಸ್ಥೆಯಲ್ಲಿ ತೋರಿಸಬೇಕು. ಸಹಿಗೆ ಮುಂಚೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಉತ್ತರವನ್ನು ಇಮೇಲ್‌ನಲ್ಲೇ ತೆಗೆದುಕೊಳ್ಳಿ. ಕೋಚ್ ಬಾಯಲ್ಲಿ "ನೋ ಪ್ರಾಬ್ಲಂ" ಅಂದರೆ ಸಾಲದು.

ತೆರಿಗೆಯನ್ನು ತುಂಬ ಜನ ಮರೆಯುತ್ತಾರೆ. ಸ್ಕಾಲರ್‌ಶಿಪ್‌ನಲ್ಲಿ ಫೀಸು, ಪುಸ್ತಕದ ಭಾಗಕ್ಕೆ ತೆರಿಗೆ ಇಲ್ಲ. ಹಾಸ್ಟೆಲ್ ಮತ್ತು ಊಟದ ಭಾಗಕ್ಕೆ ಇದೆ, ಎಫ್-1ನವರಿಗೆ ಶೇ 14 ಹಿಡಿಯುತ್ತಾರೆ. ಆ ಭಾಗ 14,000 ಡಾಲರ್ ಇದ್ದರೆ 1,960 ಡಾಲರ್ ಬಿಲ್ ಬರುತ್ತದೆ. ಪೂರ್ತಿ ಸ್ಕಾಲರ್‌ಶಿಪ್ ಅಂದುಕೊಂಡವರು ಇಲ್ಲೇ ಗಾಬರಿಯಾಗುವುದು. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಹಾಗಾಗಿ 1040-ಎನ್‌ಆರ್ (ಅಲ್ಲಿನ ವಿದೇಶಿಯರ ತೆರಿಗೆ ರಿಟರ್ನ್) ಸಲ್ಲಿಸಿದರೆ, ಬೇರೆ ಆದಾಯ ಇಲ್ಲದಿದ್ದಾಗ, ಇಂಥ ಮೊತ್ತದ ಬಹುಭಾಗ ವಾಪಸ್ ಬರಬೇಕು.

ಮೂರನೇ_ಸೆಟ್

ಓದಿನ ಬಗ್ಗೆ. "ಓದೇ ಸಂಬಳ" ಅನ್ನುವ ಮಾತು ಓದಲು ಸಮಯ ಕೊಟ್ಟಾಗ ಮಾತ್ರ ನಿಜ. ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಿತಿ, ವಾರಕ್ಕೊಂದು ದಿನ ಬಿಡುವು ಅಂತ ನಿಯಮ ಇದೆ. ಆದರೆ ಪಂದ್ಯದ ದಿನ ಎಷ್ಟು ಹೊತ್ತಾದರೂ 3 ಗಂಟೆ ಅಂತಲೇ ಲೆಕ್ಕ. ಬಸ್ ಪ್ರಯಾಣ, ಫಿಸಿಯೋ ಲೆಕ್ಕಕ್ಕೇ ಇಲ್ಲ.

ಟೆನಿಸ್ ತಂಡದ ಪಂದ್ಯಗಳು ಮುಖ್ಯವಾಗಿ ಜನವರಿಯಿಂದ ಮೇ ತನಕ. ಗುರುವಾರ ಮಧ್ಯಾಹ್ನ ಲ್ಯಾಬ್ ಇದ್ದು, ಶುಕ್ರವಾರದ ಪಂದ್ಯಕ್ಕೆ ಗುರುವಾರವೇ ಹೊರಡಬೇಕಾದರೆ ಲ್ಯಾಬ್ ತಪ್ಪುತ್ತದೆ. ಸಲಹೆಗಾರರು "ಆ ವಿಷಯ ಬಿಡು, ಇದು ಸುಲಭ" ಅನ್ನಲು ಶುರುಮಾಡುವುದು ಹೀಗೆ. ಈ ದಾರಿ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಬಗ್ಗೆ 2014ರಲ್ಲಿ ಬಂದ ವೈನ್‌ಸ್ಟೀನ್ ವರದಿ ಸಾಕ್ಷಿ. 18 ವರ್ಷಗಳಲ್ಲಿ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ತರಗತಿಯೇ ನಡೆಯದ ಕೋರ್ಸ್‌ಗಳನ್ನು ತೆಗೆದುಕೊಂಡಿದ್ದರು, ಅವರಲ್ಲಿ ಆಟಗಾರರು ಬಹಳ. ಆ ಕೋರ್ಸ್‌ಗಳು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದವು ಅನ್ನುವ ಕಾರಣಕ್ಕೆ 2017ರಲ್ಲಿ ಎನ್‌ಸಿಎಎ ಶಿಕ್ಷೆ ಕೊಡಲಿಲ್ಲ. ನನಗೆ ಇದು ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ನಷ್ಟ ಆದದ್ದು ಆ ಮಕ್ಕಳಿಗೆ.

ಲೆಕ್ಕ ತಪ್ಪುವ ಜಾಗಗಳು ಎರಡು. ಮೊದಲನೆಯದು 40-60-80 ನಿಯಮ, ಅಂದರೆ ಡಿಗ್ರಿಯ ಶೇಕಡಾ ಇಷ್ಟಿಷ್ಟು ಮುಗಿದಿರಬೇಕು ಅನ್ನುವುದು. ಡಿಗ್ರಿಗೆ 120 ಕ್ರೆಡಿಟ್ ಇದ್ದರೆ ಮೂರನೇ ವರ್ಷ ಶುರುವಾಗುವ ಹೊತ್ತಿಗೆ 48, ನಾಲ್ಕನೆಯದಕ್ಕೆ 72, ಐದಕ್ಕೆ 96 ಆಗಿರಬೇಕು. ಅವು ಆಯ್ದುಕೊಂಡ ಮೇಜರ್‌ಗೇ (ಮುಖ್ಯ ವಿಷಯಕ್ಕೇ) ಸೇರುವ ಕ್ರೆಡಿಟ್‌ಗಳಾಗಿರಬೇಕು. ಮೂರನೇ ವರ್ಷದಲ್ಲಿ ಮೇಜರ್ ಬದಲಿಸಿದರೆ ಹಳೆಯ ಕ್ರೆಡಿಟ್ ಅರ್ಧಕ್ಕರ್ಧ ವ್ಯರ್ಥವಾಗಿ ಆಡುವ ಅರ್ಹತೆ ಹೋಗಬಹುದು. ಎರಡನೆಯದು ಟರ್ಮಿಗೆ ಕನಿಷ್ಠ 12 ಕ್ರೆಡಿಟ್ ಇರಲೇಬೇಕು ಅನ್ನುವುದು. 14 ಕ್ರೆಡಿಟ್ ತೆಗೆದುಕೊಂಡವಳು ಕಷ್ಟವಾಯಿತು ಅಂತ ನಡುವೆ 4 ಕ್ರೆಡಿಟ್‌ನ ಕೆಮಿಸ್ಟ್ರಿ ಬಿಟ್ಟರೆ ಉಳಿಯುವುದು 10. ಆಟಕ್ಕೂ ಕುತ್ತು, ವೀಸಾಕ್ಕೂ ಕುತ್ತು. ಪಂದ್ಯಗಳಿರುವ ಸ್ಪ್ರಿಂಗ್ ಟರ್ಮಿನಲ್ಲಿ ಲ್ಯಾಬ್ ಇಲ್ಲದ ವಿಷಯ, ಅದಕ್ಕೆ ಮುಂಚಿನ ಫಾಲ್ ಟರ್ಮಿನಲ್ಲಿ ಲ್ಯಾಬ್ ಇರುವ ವಿಷಯ ಅಂತ ಮೊದಲೇ ಜೋಡಿಸಿಕೊಳ್ಳಬೇಕು. ಕೋಚ್‌ಗೆ ಒಂದೇ ಪ್ರಶ್ನೆ ಹಾಕಿ: ಈಗಿನ ತಂಡದ ಹುಡುಗಿಯರ ಮೇಜರ್ ಏನೇನು? ಎಲ್ಲರದೂ ಒಂದೇ ಆದರೆ ಕಾರಣ ಕೇಳಿ.

ಕ್ಲಿಯರಿಂಗ್‌ಹೌಸ್

ಎಲ್ಲರೂ ಹಣ, ವೀಸಾ ನೋಡಿದಿರಿ, ಎಚ್‌ಇಬಿಎ ನೋಡಲಿಲ್ಲ. ಸರ್, ಮೊದಲು ಸರಿಮಾಡಬೇಕಾದದ್ದು ಅದು. ಡಿವಿಷನ್ 1ಕ್ಕೆ 9ರಿಂದ 12ನೇ ತರಗತಿವರೆಗೆ 16 ಕೋರ್ ವಿಷಯಗಳು ಬೇಕು: ಇಂಗ್ಲಿಷ್ 4 ವರ್ಷ, ಗಣಿತ 3, ವಿಜ್ಞಾನ 2, ಈ ಮೂರರಲ್ಲೇ ಇನ್ನೂ 1 ವರ್ಷ, ಸಮಾಜ ವಿಜ್ಞಾನ 2, ಇತರ ಕೋರ್ ವಿಷಯ 4. ಸರಾಸರಿ ಜಿಪಿಎ 2.3. ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್ ಕೋರ್ ಅಲ್ಲ.

ನಿಮ್ಮ ಮಗಳಿಗೆ ಇಂಗ್ಲಿಷ್ 4 ಸಿಗುತ್ತದೆ, ಹಿಸ್ಟರಿ ಮತ್ತು ಎಕನಾಮಿಕ್ಸ್‌ನಿಂದ ಸಮಾಜ ವಿಜ್ಞಾನ ಧಾರಾಳ. ಗಣಿತ, ವಿಜ್ಞಾನ ಮಾತ್ರ 9 ಮತ್ತು ಎಸ್ಸೆಸ್ಸೆಲ್ಸಿಯದ್ದಷ್ಟೇ, ತಲಾ 2. ಅಂದರೆ ಗಣಿತ 1, ಆ ಹೆಚ್ಚುವರಿ 1, ಒಟ್ಟು ಎರಡು ಕೊರತೆ. ಸಮಯಕ್ಕೆ ಸರಿಯಾಗಿ ಪಿಯುಸಿ ಮುಗಿಸಿದರೆ ನಂತರದ ಒಂದು ವರ್ಷದಲ್ಲಿ ಒಂದು ಕೋರ್ ವಿಷಯ ಮಾತ್ರ ತುಂಬಿಕೊಳ್ಳಬಹುದು, ಎರಡಲ್ಲ. ಎರಡೂ ವರ್ಷ ಗಣಿತ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್‌ಗೆ ಹೋದರೆ ಎರಡೂ ತುಂಬುತ್ತವೆ. ಕಾಲೇಜು ಒಪ್ಪುವ ಗಡುವು ಮುಗಿದಿಲ್ಲದಿದ್ದರೆ ಪ್ರಿನ್ಸಿಪಾಲರನ್ನು ಈ ವಾರವೇ ಕಾಣಿ. ಜೊತೆಗೆ ಅರ್ಹತೆ ಪರಿಶೀಲಿಸುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಖಾತೆ ತೆರೆದು, 9ನೇ ತರಗತಿಯ ಅಂಕಪಟ್ಟಿಯನ್ನು ಹಳೆಯ ಶಾಲೆಯಿಂದ ಈಗಲೇ ತೆಗೆಸಿಡಿ.