ಸಿಸಿಲಿಯ ಸಿರಾಕುಸಾದಲ್ಲಿ ಅಮ್ಮನ ಜೊತೆ ಮೂರು ದಿನ: ಜಾಸ್ತಿ ಆಯ್ತಾ?

ಕುಕ್ಕರಹಳ್ಳಿ ವಾಕರ್:
ನಮಸ್ಕಾರ ಎಲ್ಲರಿಗೂ. ಮೈಸೂರಿಂದ ನಾನು, ನನ್ನ ಹೆಂಡತಿ, ಅಮ್ಮ ಮೂರು ಜನ ಇಟಲಿಗೆ ಹೊರಟಿದ್ದೇವೆ. ರೋಮ್ ಮುಗಿಸಿ ಯಾವುದಾದರೂ ಹಳೇ ಸಮುದ್ರದೂರಲ್ಲಿ ಸುಮ್ನೆ ಮೂರು ದಿನ ಇದ್ದುಬಿಡೋಣ ಅಂತ ಸಿರಾಕುಸಾ ಆರಿಸಿಕೊಂಡಿದ್ದೇವೆ. ಹಳೇ ಪಟ್ಟಣ ಒರ್ತೀಜಿಯಾ ಅನ್ನೋ ದ್ವೀಪದಲ್ಲಿದೆ, ಅಲ್ಲಿ ರೂಮು ದುಬಾರಿ, ಆಚೆ ಹೊಸ ಊರಲ್ಲಿ ಅಗ್ಗ. ಎಲ್ಲಿ ಉಳಿಯೋದು? ಅಮ್ಮನಿಗೆ 67 ವರ್ಷ, ಮಂಡಿ ನೋವು, ಮೊಟ್ಟೆ ಸಹ ಮುಟ್ಟಲ್ಲ. ಆಗಸ್ಟಾ, ಅಕ್ಟೋಬರಾ ಅಂತಲೂ ಹೇಳಿ.

ಮದ್ದೂರು ಹೈದ:
ಎರಡು ದಿನ ಸಾಕು ಗುರು. ಮೂರನೇ ದಿನ ರೈಲು ಹತ್ತಿ ನೋತೋಗೆ ಹೋಗಿ, ಅರ್ಧ ಗಂಟೆ ದಾರಿ. ಆಗಸ್ಟ್ ಮಾತ್ರ ಬೇಡ. 2021ರ ಆಗಸ್ಟಲ್ಲಿ ಸಿರಾಕುಸಾ ಪಕ್ಕದಲ್ಲೇ 48.8 ಡಿಗ್ರಿ ಬಿಸಿಲು ಬಿದ್ದಿತ್ತು, ಯುರೋಪಿನ ದಾಖಲೆ ಅದು.

ಪಟ್ಟಣದ ಅಕ್ಕ:
ಎರಡು ದಿನ ಸಾಕು ಅನ್ನೋದನ್ನ ನಾನು ಒಪ್ಪಲ್ಲ. ನಾನು ಶ್ರೀರಂಗಪಟ್ಟಣದವಳು, ಸೇತುವೆ ದಾಟಿ ದ್ವೀಪದೂರಿಗೆ ಹೋಗೋದು ನಮಗೇನು ಹೊಸದಲ್ಲ. ಆದರೆ ಒರ್ತೀಜಿಯಾ ಪುಟ್ಟದು, ಉದ್ದಕ್ಕೆ ನಡೆದರೆ ಒಂದು ಕಿಲೋಮೀಟರ್ ಆಗಬಹುದು ಅಷ್ಟೆ. ಅದಕ್ಕೇ ದ್ವೀಪದೊಳಗೇ ಉಳಿಯಿರಿ. ಬೆಳಿಗ್ಗೆ ಎರಡು ಗಂಟೆ ಓಡಾಡಿ, ಮಧ್ಯಾಹ್ನ ಅಮ್ಮ ರೂಮಿಗೆ ಬಂದು ಕಾಲು ಚಾಚಲಿ. ಆ ಹೊತ್ತಿಗೆ ಅಲ್ಲಿ ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ಸಂಜೆ ಮತ್ತೆ ಹೊರಡಿ.

ನಾವು ಮಾಡಿದ ತಪ್ಪು ಹೇಳ್ತೀನಿ. ಫೋಟೋದಲ್ಲಿ ಬಾಲ್ಕನಿ ಚೆನ್ನಾಗಿದೆ ಅಂತ ಒಂದು ರೂಮು ಹಿಡಿದೆವು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಅದನ್ನ ಅವರು ಎಲ್ಲೂ ಬರೆದಿರಲಿಲ್ಲ. ಸೂಟ್‌ಕೇಸ್ ಹೊತ್ತು ನಮ್ಮ ಯಜಮಾನರ ಸೊಂಟ ಹೋಯ್ತು. ದುಡ್ಡು ಕಟ್ಟೋ ಮೊದಲೇ ಬರೆದು ಕೇಳಿ. ಇನ್ನೊಂದು, ದೊಡ್ಡ ಚರ್ಚಿನ ಮುಂದಿನ ಚೌಕದ ನೆಲಕ್ಕೆ ಹಾಸಿರೋದು ಸುಣ್ಣದಕಲ್ಲು, ಜನ ನಡೆದೂ ನಡೆದೂ ನುಣ್ಣಗಾಗಿದೆ. ಮಳೆ ಬಿದ್ದರೆ ಜಾರುತ್ತೆ, ಅಮ್ಮನಿಗೆ ಹಿಡಿತ ಇರೋ ಚಪ್ಪಲಿ ಹಾಕಿಸಿ.

ಅಲ್ಲಿನ ದೊಡ್ಡ ಚರ್ಚನ್ನ ಮುಂದಿನಿಂದ ಮಾತ್ರ ನೋಡಿ ಬರಬೇಡಿ. ಮುಂಭಾಗ ಕಟ್ಟಿದ್ದು 1693ರ ಭೂಕಂಪ ಆದಮೇಲೆ. ಪಕ್ಕದ ಗಲ್ಲಿಗೆ ತಿರುಗಿದರೆ ಗೋಡೆಯೊಳಗಿಂದ ದಪ್ಪ ದಪ್ಪ ಕಂಬಗಳು ಎದ್ದು ಕಾಣುತ್ತವೆ. ಕ್ರಿಸ್ತಪೂರ್ವ 5ನೇ ಶತಮಾನದ, ಅಥೇನಾ ಅನ್ನೋ ಗ್ರೀಕ್ ದೇವತೆಯ ದೇವಸ್ಥಾನದ ಕಂಬಗಳು ಅವು. ನಮ್ಮ ಹಳೇ ಮನೆಗಳಲ್ಲಿ ಜಗಲಿ ಕಂಬಗಳ ಮಧ್ಯೆ ಇಟ್ಟಿಗೆ ತುಂಬಿ ರೂಮು ಮಾಡಿಕೊಳ್ತಾರಲ್ಲ, ಥೇಟ್ ಹಾಗೆ ಕಂಬಗಳ ನಡುವೆ ಗೋಡೆ ಎಬ್ಬಿಸಿ ಚರ್ಚು ಮಾಡಿದ್ದಾರೆ. ಅರಬರ ಕಾಲದಲ್ಲಿ ಅದು ಮಸೀದಿಯೂ ಆಗಿತ್ತು. ಕಂಬದ ಗೀರುಗಳಲ್ಲಿ ನನ್ನ ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು.

ಅಲ್ಲಿಂದ ಐದು ನಿಮಿಷ ನಡೆದರೆ ಅರೆತೂಸಾ ಬುಗ್ಗೆ. ಸಮುದ್ರ ಪಕ್ಕದಲ್ಲೇ ಇದೆ, ಬುಗ್ಗೆಯಲ್ಲಿ ಮಾತ್ರ ಸಿಹಿನೀರು! ಒಳಗೆ ಪಪೈರಸ್ ಬೆಳೆದಿದೆ, ನಮ್ಮ ಕೆರೆಯ ಜೊಂಡಿನ ಜಾತಿಯದೇ. ನಮ್ಮತ್ತೆ ಅದನ್ನ ನೋಡಿ "ಇದಕ್ಕಾ ಇಷ್ಟು ದೂರ ಬಂದಿದ್ದು" ಅಂದ್ರು, ಆಮೇಲೆ ಅದೇ ಕಟ್ಟೆ ಬಿಟ್ಟು ಏಳಲಿಲ್ಲ.

ಗ್ರೀಕರ ಬಯಲು ರಂಗಮಂದಿರ, ಕಲ್ಲುಗಣಿ ಎಲ್ಲ ಆಚೆ ಹೊಸ ಊರ ಕಡೆ, ಟ್ಯಾಕ್ಸಿ ಮಾಡಿಕೊಳ್ಳಿ. ಈ ಊರ ಮೇಲೆ ದಂಡೆತ್ತಿ ಬಂದು ಕ್ರಿಸ್ತಪೂರ್ವ 413ರಲ್ಲಿ ಸೋತ ಅಥೆನ್ಸ್ ಸೈನಿಕರನ್ನ ಸಾವಿರಗಟ್ಟಲೆ ಇಲ್ಲಿನ ಗಣಿಗಳಲ್ಲೇ ಕೂಡಿಹಾಕಿದ್ದರು. ಅಲ್ಲೇ "ದಿಯೊನೀಸಿಯಸ್‌ನ ಕಿವಿ" ಅನ್ನೋ ಗುಹೆ ಇದೆ, ದಿಯೊನೀಸಿಯಸ್ ಅಂದರೆ ಈ ಊರಿನ ಹಳೇ ಗ್ರೀಕ್ ದೊರೆ. ಗುಹೆ ಸುಮಾರು 23 ಮೀಟರ್ ಎತ್ತರ. ಹೆಸರಿಟ್ಟಿದ್ದು 1608ರಲ್ಲಿ ಅಲ್ಲಿಗೆ ಬಂದಿದ್ದ ಚಿತ್ರಕಾರ ಕರವಾಜ್ಜೋ ಅಂತಾರೆ. ಪಿಸುಮಾತೂ ದೊಡ್ಡದಾಗಿ ಕೇಳುತ್ತೆ. ನನ್ನ ಮಗ ಒಮ್ಮೆ ಸೀನಿದ್ದಕ್ಕೆ ಇಡೀ ಗುಂಪು ತಿರುಗಿ ನೋಡ್ತು.

ಕುಕ್ಕರಹಳ್ಳಿ ವಾಕರ್:
ತುಂಬಾ ಥ್ಯಾಂಕ್ಸ್ ಅಕ್ಕ. ಹಾಗಾದರೆ ಅಕ್ಟೋಬರ್, ದ್ವೀಪದೊಳಗೇ. ಊಟದ ಕಥೆ ಏನು?

ಪಟ್ಟಣದ ಅಕ್ಕ:
ಬದನೆಕಾಯಿ ಇಷ್ಟ ಇದ್ದರೆ ಬದುಕಿಕೊಂಡ್ರಿ. "ಪಾಸ್ತಾ ಅಲ್ಲಾ ನೋರ್ಮಾ" ಅಂದರೆ ಟೊಮೆಟೊ, ಹುರಿದ ಬದನೆಕಾಯಿ, ಮೇಲೆ ತುರಿದ ಚೀಸ್. ಕಪೊನಾತಾ ಅಂತ ಇನ್ನೊಂದು, ಹುಳಿ ಸಿಹಿ ಸೇರಿ ಗೊಜ್ಜಿನ ಹಾಗೇ ಇರುತ್ತೆ, ಖಾರ ಮಾತ್ರ ಇಲ್ಲ. ಬೆಳಿಗ್ಗೆ ಬಾದಾಮಿ ಗ್ರಾನೀತಾ ಕೊಡಿಸಿ, ಐಸ್ ಪುಡಿ ಥರದ ತಣ್ಣನೆ ಸಿಹಿ ಅದು. ಅದರ ಜೊತೆ ಕೊಡೋ ಬ್ರಿಯೋಶ್ ಬನ್ನಿಗೆ ಮೊಟ್ಟೆ ಹಾಕಿರ್ತಾರೆ, ಅಮ್ಮನಿಗೆ ಅದು ಬೇಡ. ಸಾಸ್‌ನಲ್ಲಿ ಸಣ್ಣ ಮೀನು ಅರೆದು ಹಾಕೋದೂ ಉಂಟು, "ಸೆಂತ್ಸಾ ಪೆಶ್ಶೆ" ಅಂದರೆ ಮೀನು ಬೇಡ ಅಂತ, ಬಾಯಿಪಾಠ ಮಾಡಿಕೊಳ್ಳಿ.

ಮದ್ದೂರು ಹೈದ:
ರೋಮಿಂದ ರೈಲಲ್ಲೇ ಹೋಗಿ ಸಾರ್. ಸಿಸಿಲಿನೂ ದ್ವೀಪ ಅಲ್ವಾ, ಮೆಸ್ಸೀನಾ ಜಲಸಂಧಿ ಹತ್ತಿರ ರೈಲಿನ ಬೋಗಿಗಳನ್ನೇ ಹಡಗಿಗೆ ಹತ್ತಿಸ್ತಾರೆ!

ಪಟ್ಟಣದ ಅಕ್ಕ:
ಮಂಡಿ ನೋವಿನವರನ್ನ ಅಷ್ಟು ಹೊತ್ತು ರೈಲಲ್ಲಿ ಕೂರಿಸೋದಾ? ಕತಾನಿಯಾಗೆ ವಿಮಾನದಲ್ಲಿ ಬಂದು ಏರ್‌ಪೋರ್ಟಿಂದಲೇ ನೇರ ಬಸ್ಸು ಹತ್ತಿ.

ಕುಕ್ಕರಹಳ್ಳಿ ವಾಕರ್:
ಅಮ್ಮನಿಗೆ ಓದಿ ಹೇಳಿದೆ. ಹಡಗಿನ ಮೇಲೆ ರೈಲು ಅಂದಿದ್ದೇ ತಡ, ರೈಲೇ ಬೇಕು ಅಂತ ಕೂತಿದ್ದಾರೆ. ಚಟ್ನಿಪುಡಿ, ತುಪ್ಪ ಕಟ್ಟಿಕೊಳ್ಳಲಾ ಅಂತ ಕೇಳ್ತಿದ್ದಾರೆ.

ಪಟ್ಟಣದ ಅಕ್ಕ:
ಪುಡಿ ತನ್ನಿ, ತುಪ್ಪ ಬೇಡ. ಹೊರಗಿನ ಹಾಲಿನ ಪದಾರ್ಥ ಒಳಗೆ ಬಿಡಲ್ಲ, ಏರ್‌ಪೋರ್ಟಲ್ಲೇ ಕಿತ್ತುಕೊಳ್ತಾರೆ. ಅಲ್ಲಿ ಆಲಿವ್ ಎಣ್ಣೆಯಲ್ಲಿ ಕಲಸಿಕೊಳ್ಳಲಿ.