ಶ್ವಾರ್ಟ್ಸ್ ರೀಏಜೆಂಟ್: ಡಬಲ್ ಬಾಂಡ್ ನಡುವೆ ಇದ್ದರೂ ಅಯೋಡಿನ್ ತುದಿಗೇ ಯಾಕೆ?

ಸಪ್ತಾಪುರ_ರೂಮ್:
ನಾನು ಧಾರವಾಡದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿನಿ, ನೆಟ್ ಪರೀಕ್ಷೆಗೆ ಓದುತ್ತಿದ್ದೇನೆ. 4-ಆಕ್ಟೀನ್‌ಗೆ (ಎಂಟು ಕಾರ್ಬನ್ ಸರಪಳಿ, 4-5ರ ನಡುವೆ ಡಬಲ್ ಬಾಂಡ್) ಶ್ವಾರ್ಟ್ಸ್ ರೀಏಜೆಂಟ್ (ಜಿರ್ಕೋನಿಯಮ್ ಲೋಹದ ಒಂದು ಹೈಡ್ರೈಡ್), ಆಮೇಲೆ ಅಯೋಡಿನ್ ಹಾಕಿದರೆ ಏನು ಬರುತ್ತದೆ ಅಂತ ಪ್ರಶ್ನೆ. ನಾನು 4-ಅಯೋಡೋಆಕ್ಟೇನ್ ಬರೆದೆ. ಉತ್ತರದಲ್ಲಿ 1-ಅಯೋಡೋಆಕ್ಟೇನ್ ಇದೆ! ರೂಮ್‌ಮೇಟ್ ಕಾರ್ಬೊಕ್ಯಾಟಯಾನ್ (ಪಾಸಿಟಿವ್ ಚಾರ್ಜಿನ ಕಾರ್ಬನ್) ಸರಿದಿರಬೇಕು ಅಂತಾಳೆ. ಆದರೆ ಪ್ರೈಮರಿ, ಅಂದರೆ ತುದಿಯ ಕಾರ್ಬನ್ ಕಡೆಗೆ ಅದ್ಯಾಕೆ ಸರಿಯುತ್ತದೆ?

ಗದಗಿನ_ಮಾಸ್ತರ:
ನಿನ್ನ ಅನುಮಾನ ಸರಿ ಇದೆ ತಂಗಿ. ಇಲ್ಲಿ ಕಾರ್ಬೊಕ್ಯಾಟಯಾನ್ ಹುಟ್ಟುವುದೇ ಇಲ್ಲ, ಅದನ್ನು ತಲೆಯಿಂದ ತೆಗೆದುಬಿಡು.

ಜಿರ್ಕೋನಿಯಮ್ ಮೇಲೆ ಏನೇನಿದೆ ನೋಡು. ಎರಡು ಸೈಕ್ಲೋಪೆಂಟಾಡೈಯೀನೈಲ್ ಉಂಗುರ, ಒಂದು ಕ್ಲೋರಿನ್, ಒಂದು ಹೈಡ್ರೋಜನ್. 16 ಎಲೆಕ್ಟ್ರಾನ್, ತುಂಬಲು 18 ಬೇಕು, ಅಂದರೆ ಒಂದು ಆರ್ಬಿಟಲ್ ಖಾಲಿ. ಆಲ್ಕೀನ್ (ಡಬಲ್ ಬಾಂಡ್ ಇರುವ ಅಣು) ಅಲ್ಲಿಗೆ ಬರುತ್ತದೆ. ಹೈಡ್ರೋಜನ್, ಜಿರ್ಕೋನಿಯಮ್ ಎರಡೂ ಒಂದೇ ಮಗ್ಗುಲಿಂದ ಸೇರುತ್ತವೆ. ಮೊದಲು ಜಿರ್ಕೋನಿಯಮ್ ಕೂರುವುದು ನೀನು ಹೇಳಿದ ಹಾಗೆ 4ನೇ ಕಾರ್ಬನ್ ಮೇಲೇ. ಆಮೇಲೆ 3ನೇ ಕಾರ್ಬನ್ನಿನ ಹೈಡ್ರೋಜನ್ ಲೋಹಕ್ಕೆ ವಾಪಸ್ ಹೋಗುತ್ತದೆ, ಇದೇ ಬೀಟಾ-ಹೈಡ್ರೈಡ್ ಎಲಿಮಿನೇಶನ್. ಡಬಲ್ ಬಾಂಡ್ ಈಗ 3-4ರ ನಡುವೆ. ತಿರುಗಿಸಿ ಸೇರಿದರೆ ಜಿರ್ಕೋನಿಯಮ್ 3ಕ್ಕೆ. ಹೀಗೇ 2, ಆಮೇಲೆ 1. ಅಯೋಡಿನ್ ಹಾಕಿದಾಗ ಅದು ಬರುವುದು ಜಿರ್ಕೋನಿಯಮ್ ಇದ್ದ ಜಾಗಕ್ಕೇ.

ತುದಿಯಲ್ಲೇ ಯಾಕೆ ನಿಲ್ಲುತ್ತದೆ? ಜಾಗದ ಸಲುವಾಗಿ, ಅಷ್ಟೇ. ಚಿಗರಿ ಬಸ್ಸಿನಲ್ಲಿ ಎರಡು ದೊಡ್ಡ ಬ್ಯಾಗ್ ಹಿಡಿದವನು ಮಂದಿ ನಡುವೆ ನಿಲ್ಲುತ್ತಾನೇನು? ಬಾಗಿಲ ಕಡೆಗೆ ಸರಿಯುತ್ತಾನೆ. ಆ ಎರಡು ಉಂಗುರಗಳೇ ಬ್ಯಾಗ್. 1-ಆಕ್ಟೀನ್, ಸಿಸ್-4, ಟ್ರಾನ್ಸ್-4, ಯಾವುದು ಕೊಟ್ಟರೂ ಕೊನೆಗೆ ಒಂದೇ ಆಕ್ಟೈಲ್ ಜಿರ್ಕೋನಿಯಮ್. ಅದೂ ರೂಮ್ ಟೆಂಪರೇಚರಿನಲ್ಲಿ. ಬೋರಾನ್ ಕೂಡ ಹೀಗೆ ಸರಿಯಬಲ್ಲದು, ಆದರೆ ಚೆನ್ನಾಗಿ ಕಾಯಿಸಬೇಕು. 1974ರಲ್ಲಿ ಶ್ವಾರ್ಟ್ಸ್ ಇದನ್ನು ತೋರಿಸಿದ್ದಕ್ಕೇ ಆ ಹೆಸರು ನಿಂತಿತು. ರೀಏಜೆಂಟನ್ನು ಮೊದಲು ಮಾಡಿದವರು ವೇಲ್ಸ್ ಮತ್ತು ವೈಗೋಲ್ಡ್, ಪಾಪ, ಅವರನ್ನು ಯಾರೂ ನೆನೆಯುವುದಿಲ್ಲ.

ಸಪ್ತಾಪುರ_ರೂಮ್:
ಈಗ ತಿಳಿಯಿತು ಸರ್. ಆಲ್ಕೈನ್ (ಟ್ರಿಪಲ್ ಬಾಂಡ್ ಇರುವುದು) ಕೊಟ್ಟರೂ ಜಿರ್ಕೋನಿಯಮ್ ತುದಿಗೆ ಓಡುತ್ತದಾ?

ಗದಗಿನ_ಮಾಸ್ತರ:
ಇಲ್ಲ. ವಿನೈಲ್ ಜಿರ್ಕೋನಿಯಮ್ ಆಗಿ ಅಲ್ಲೇ ಉಳಿಯುತ್ತದೆ. ತುದಿಯ ಆಲ್ಕೈನ್ ಆದರೆ ಅಯೋಡಿನ್ ಹಾಕಿದಾಗ ಇ-ವಿನೈಲ್ ಅಯೋಡೈಡ್, ಆಕಾರ ಕೆಡುವುದಿಲ್ಲ. ಸಿಂಥೆಸಿಸ್ ಮಾಡುವವರು ಇದಕ್ಕಾಗಿಯೇ ಇದನ್ನು ಜಾಸ್ತಿ ಬಳಸುತ್ತಾರೆ.

ರಾಣೆಬೆನ್ನೂರು_ಬೆಂಚ್:
ಪೇಪರ್ ಮೇಲೆ ಸುಲಭ ರೀ! ಈ ರೀಏಜೆಂಟ್ ಬಿಳಿ ಪುಡಿ, ಟಿಎಚ್‌ಎಫ್ ಎಂಬ ದ್ರಾವಕದಲ್ಲಿ ಕರಗುವುದೇ ಇಲ್ಲ. ಹೈಡ್ರೈಡ್ ಸೇತುವೆ ಕಟ್ಟಿ ಅಣುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ರಿಯಾಕ್ಷನ್ ನಡೆದಂತೆ ಗೊಜ್ಜಿನಂತಿದ್ದದ್ದು ತಿಳಿಯಾಗುತ್ತದೆ, ನಾವು ಅದನ್ನೇ ನೋಡುತ್ತಾ ನಿಲ್ಲುತ್ತೇವೆ. ಬೆಳಕು, ತೇವ ಎರಡೂ ಆಗದು. ಫ್ಲಾಸ್ಕಿಗೆ ಫಾಯಿಲ್ ಸುತ್ತಿ, ಆರ್ಗಾನ್ ಕೆಳಗೇ ತೂಗಬೇಕು. ಧಾರವಾಡದ ಜುಲೈ ಮಳೆಯಲ್ಲಂತೂ ಬಾಟಲಿ ಬಾಯಿ ತೆರೆದಿಟ್ಟು ಮಾತಾಡುತ್ತಾ ಕೂರಬೇಡಿ.

ಜಿರ್ಕೋನೋಸೀನ್ ಡೈಕ್ಲೋರೈಡ್‌ಗೆ ಲಿಥಿಯಮ್ ಅಲ್ಯೂಮಿನಿಯಮ್ ಹೈಡ್ರೈಡ್ ಹಾಕಿ ನೀವೇ ಮಾಡಿಕೊಳ್ಳಬಹುದು. ಸ್ವಲ್ಪ ಭಾಗ ಮುಂದೆ ಹೋಗಿ ಡೈಹೈಡ್ರೈಡ್ ಆಗಿರುತ್ತದೆ. ಡೈಕ್ಲೋರೋಮೀಥೇನ್‌ನಲ್ಲಿ ತೊಳೆದರೆ ಅದೂ ಬೇಕಾದ ಶ್ವಾರ್ಟ್ಸ್ ರೀಏಜೆಂಟಿಗೇ ತಿರುಗುತ್ತದೆ. ಇದು ರಸಾಯನಶಾಸ್ತ್ರಜ್ಞ ಬುಕ್‌ವಾಲ್ಡ್ ಅವರ ಗುಂಪಿನ ಉಪಾಯ, ನನಗೆ ಬಹಳ ಸೇರಿದ್ದು.

ಸಪ್ತಾಪುರ_ರೂಮ್:
ಥ್ಯಾಂಕ್ಸ್ ಅಣ್ಣಾ. ಕೊನೇದು: ಅದೇ 4-ಆಕ್ಟೀನ್, ಅಯೋಡಿನ್ ಬದಲು ಕಾರ್ಬನ್ ಮೋನಾಕ್ಸೈಡ್, ಆಮೇಲೆ ಆಸಿಡ್ ಹಾಕಿದರೆ?

ಗದಗಿನ_ಮಾಸ್ತರ:
ಜಿರ್ಕೋನಿಯಮ್-ಕಾರ್ಬನ್ ಬಾಂಡ್ ನಡುವೆ ಅದು ತೂರಿಕೊಳ್ಳುತ್ತದೆ. ಆಸಿಡ್ ಹಾಕಿದರೆ ಆಲ್ಡಿಹೈಡ್. ಕಾರ್ಬನ್ ಎಣಿಸುವಾಗ ಹುಷಾರು, 8 ಅಲ್ಲ 9. ಉತ್ತರ ನೋನನ್ಯಾಲ್ (nonanal).